ಗುಡ್ಡದ ಮೇಲಿನ ಬಾವಿಯವರು

ಜನವರಿ ೧೧, ೧೯೮೭, ಭಾನುವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ. ಕಾಗುಣಿತವೂ ತಪ್ಪಿರಬಹುದು. ಆರನೆಯ ತರಗತಿಯ ನಡುವೆ ಮೇಷ್ಟ್ರು ಯುದ್ಧಕ್ಕೆ ಹೋದರು, ಶಾಲೆ ಮುಚ್ಚಿತು. ಆಮೇಲೆ ನನ್ನ ಕೈ ಪೆನ್ನಿಗಿಂತ ಒನಕೆ ಹಿಡಿದದ್ದೇ ಹೆಚ್ಚು. ಮುಂದೊಂದು ದಿನ ಇದನ್ನು ಓದುವವಳು ನಾನೇ ಆದ್ದರಿಂದ ನನ್ನಲ್ಲೇ ಕ್ಷಮೆ ಕೇಳುತ್ತೇನೆ: ಮಸ್ತೂರಾ, ಬೇಜಾರು ಮಾಡಿಕೊಳ್ಳಬೇಡ.

ಬರೆಯುವುದು ಯಾಕೆಂದರೆ ಬಾಯಲ್ಲಿ ಹೇಳಲು ಆಗುವುದಿಲ್ಲ. ನಾಲ್ಕು ಜನ ಕೂತಲ್ಲಿ ನಾನು ಮೂಲೆ ಹಿಡಿದು ಕೂರುತ್ತೇನೆ. ಅಜ್ಜಿ ಖಮೀಸಾ ಯಾವಾಗಲೂ ಹೇಳುತ್ತಾಳೆ, "ನಿಂಗೆ ಮಸ್ತೂರಾ ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು. ಮುಸುಕಿನವಳು ಅಂತ ಅರ್ಥ. ಹಂಗೇ ಆಗಿ ಕೂತೆ." ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಒಂದು ಕತ್ತೆ. ಮೂವರಲ್ಲಿ ಕಡಿಮೆ ಸದ್ದು ಮಾಡುವವಳು ನಾನು.

ಇವತ್ತಿನ ಸುದ್ದಿ ದೊಡ್ಡದು. ವಿಮಾನ ಇಳಿಯುವ ಬಯಲಿನ ಪಕ್ಕದ ಗುಡ್ಡದ ಮೇಲೆ ನಸಾರಾ, ಅಂದರೆ ಬಿಳಿಯರು, ಡೇರೆ ಹಾಕಿದ್ದಾರೆ. ಮೊರದಂಥ ದೊಡ್ಡ ಕಬ್ಬಿಣದ ಜಾಲರಿಯೊಂದನ್ನು ನಿಲ್ಲಿಸಿದ್ದಾರೆ. ಅದು ಸುತ್ತುತ್ತಲೇ ಇರುತ್ತದೆ. ಉತ್ತರದಲ್ಲಿ ನಮ್ಮ ನೆಲ ಹಿಡಿದು ಕೂತಿರುವ ಲಿಬಿಯಾದವರ ವಿಮಾನ ಹೊರಟರೆ ಈ ಜಾಲರಿಗೆ ಇಲ್ಲಿಂದಲೇ ಕಾಣುತ್ತದಂತೆ. ಸಂತೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮಧ್ಯಾಹ್ನ ನಮ್ಮ ಸೈನ್ಯದ ಲೆಫ್ಟಿನೆಂಟ್ ಬರ್ಕಾಯ್ ಡೋಲು ಹೊಡೆಸಿ ಸಾರಿದ:

"ಗುಡ್ಡದ ಮೇಲಿರೋರು ಬಾವಿ ತೋಡೋರು! ಯಾರೇ ಕೇಳಿದ್ರೂ ಬಾವಿ ತೋಡೋರು! ಗೊತ್ತಾಯ್ತಾ?"

ಗೊತ್ತಾಯಿತು ಎಂದು ಸಂತೆಗೆ ಸಂತೆಯೇ ಕೂಗಿತು. ಅಜ್ಜಿ ಮಾತ್ರ ಎರಡೂ ಕೈ ಮೇಲೆತ್ತಿ, "ಬಾವಿ ತೋಡೋರಾ! ದೇವರು ಕೊನೆಗೂ ನಮ್ಮ ಅಮ್ ಸಯಾಲ ಕೇರಿಯ ಕಡೆ ತಿರುಗಿ ನೋಡಿದ," ಎಂದಳು.

ಜನವರಿ ೧೪, ಬುಧವಾರ

ನಮ್ಮ ಕೇರಿಯ ಪದ್ಧತಿ ಹೀಗೆ: ಬಾವಿ ತೋಡುವವನು ಬಂದರೆ ಒಂದೊಂದು ಮನೆಯಿಂದ ಒಂದೊಂದು ದಿನ ಅವನಿಗೆ ಸಜ್ಜೆ ಮುದ್ದೆ, ಒಣ ಬೆಂಡೆಕಾಯಿ ಸಾರು ಹೋಗಬೇಕು. ಅವನಿಗೆ ಒಲ್ಲೆ ಎನ್ನುವ ಹಕ್ಕಿದೆ. ಆದರೆ ಉಂಡನೋ, ಒಪ್ಪಿದ ಹಾಗೆ. ಆಮೇಲೆ ನೀರು ತೋರಿಸದೆ ಜಾಗ ಬಿಡುವಂತಿಲ್ಲ. ಹಿಂದೆ ಒಬ್ಬ ಉಂಡು ಓಡಿಹೋಗಿದ್ದನಂತೆ. ಅವನ ಹೆಸರನ್ನು ಇವತ್ತಿಗೂ ನಾಯಿಗಳಿಗೆ ಇಡುತ್ತಾರೆ.

ಮೊದಲ ದಿನ ನಮ್ಮ ಮನೆಯದು. ಬೋಗುಣಿ ಹೊತ್ತವಳು ನಾನು, ಮಾತಾಡಿದವಳು ಅಜ್ಜಿ. ನಸಾರಾಗಳ ಯಜಮಾನನಿಗೆ ಚಹಾ ಲೋಟದ ತಳದಷ್ಟು ದಪ್ಪ ಕನ್ನಡಕ. ಅಜ್ಜಿ ಅಲ್ಲೇ ಅವನಿಗೆ ಕನ್ನಡಕದಪ್ಪ ಎಂದು ಹೆಸರಿಟ್ಟಳು. ಡಬ್ಬದ ಊಟ ತಿಂದು ತಿಂದು ನಾಲಿಗೆ ಕೆಟ್ಟಿತ್ತೇನೋ, ಮುದ್ದೆ ಕಂಡಿದ್ದೇ ಎಲ್ಲರೂ ಸುತ್ತ ಕೂತರು. ಸಾರು ಬೆರಳಿಗೆ ಲೋಳೆಲೋಳೆಯಾಗಿ ಅಂಟಿದಾಗ ಒಬ್ಬ ಹೆದರಿದ. ಕನ್ನಡಕದಪ್ಪ ಮಾತ್ರ ಬೋಗುಣಿಯ ತಳವನ್ನೂ ಬೆರಳಲ್ಲಿ ಬಳಿದ.

ಇಳಿದು ಬರುವಾಗ ಅಜ್ಜಿ ಹೇಳಿದಳು, "ನೋಡ್ದೇನೇ? ತಳ ಬಳಿದ."

"ಹಸಿವಾಗಿತ್ತೇನೋ ಅಜ್ಜಿ."

"ಹಸಿವಾಗಿತ್ತೋ ಬಿಟ್ಟಿತ್ತೋ, ಬಳಿದ."

ಜನವರಿ ೨೯, ಗುರುವಾರ

ದಿನವೂ ಬೋಗುಣಿ ಹೋಗುತ್ತಿದೆ, ಖಾಲಿಯಾಗಿ ಬರುತ್ತಿದೆ. ಗುಡ್ಡದ ಮೇಲೆ ಒಂದು ಗುದ್ದಲಿಯೂ ಎದ್ದಿಲ್ಲ.

ವಿಮಾನಗಳಂತೂ ಬರುತ್ತಲೇ ಇವೆ. ಬೂದು ಬಣ್ಣದ, ಹೊಟ್ಟೆ ಉಬ್ಬಿದ ವಿಮಾನಗಳು. ಮೈಮೇಲೆ ಹೆಸರಿಲ್ಲ, ಗುರುತಿಲ್ಲ. ಇಳಿಸಿದ ಪೆಟ್ಟಿಗೆಗಳ ಮೇಲೂ ಏನೂ ಇಲ್ಲ. ಅವು ನಮ್ಮ ಸೈನಿಕರ ಟೊಯೋಟಾ ಗಾಡಿಗಳಿಗೆ ಏರಿ ಉತ್ತರಕ್ಕೆ ಹೋಗುತ್ತವೆ. ಎಣ್ಣೆಯ ಪೀಪಾಯಿಗಳೂ ಹಾಗೇ. ನಮ್ಮ ಹುಡುಗರು ಫಾದಾ ಊರನ್ನು ಹಿಂದಕ್ಕೆ ತೆಗೆದುಕೊಂಡದ್ದು ನಮ್ಮ ಶೌರ್ಯದಿಂದಲೇ ಎಂದು ರೇಡಿಯೋ ಹೇಳುತ್ತದೆ. ಅದು ನಿಜವೇ. ಆದರೆ ಆ ಶೌರ್ಯಕ್ಕೆ ಎಣ್ಣೆ ಹಾಕಿದವರು ಯಾರು ಎಂದು ರೇಡಿಯೋ ಹೇಳುವುದಿಲ್ಲ.

ನಮ್ಮ ಬಾವಿಯಲ್ಲಿ ಹಗ್ಗಕ್ಕೆ ಇನ್ನೊಂದು ಮೊಳ ಕಟ್ಟಬೇಕಾಯಿತು. ನೀರಿನ ಬಣ್ಣ ಚಹಾದಂತಿದೆ.

ಫೆಬ್ರವರಿ ೮, ಭಾನುವಾರ

ನಕ್ಕು ನಕ್ಕು ಹೊಟ್ಟೆ ಇನ್ನೂ ನೋಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗುಡ್ಡಕ್ಕೆ ಹೊಸಬರು ನಾಲ್ವರು ಬಂದಿದ್ದಾರೆ. ಇವರೂ ಬಿಳಿಯರೇ, ಆದರೆ ಬೇರೆ ದೇಶದವರು. ಮೊದಲಿನವರ ಫ್ರೆಂಚ್ ಇವರಿಗೆ ಬರುವುದಿಲ್ಲ. ಬಾಯಲ್ಲಿ ಸದಾ ಏನೋ ಜಗಿಯುತ್ತಾರೆ, ನುಂಗುವುದಿಲ್ಲ. ಉದ್ದುದ್ದ ಪೆಟ್ಟಿಗೆಗಳನ್ನು ಮಗುವಿನಂತೆ ಎತ್ತಿ ಇಡುತ್ತಾರೆ. ಲೆಫ್ಟಿನೆಂಟ್ ಬರ್ಕಾಯ್ ಮತ್ತೆ ಡೋಲು ಹೊಡೆಸಿದ. ಈ ಸಲ ಇವರು ಹವಾಮಾನ ನೋಡುವವರು.

ಅಜ್ಜಿ ಕೋಲೂರಿಕೊಂಡು ನೇರ ಅವರ ಮುಂದೆ ನಿಂತಳು. "ಮಳೆ ಯಾವಾಗ ಬರುತ್ತೆ ಹೇಳ್ರಪ್ಪ?"

ಲೆಫ್ಟಿನೆಂಟನೇ ಮಧ್ಯೆ ನಿಂತು ಕೇಳಿ ಹೇಳಬೇಕಾಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಕಾಶ ನೋಡಿದ. ಕೊನೆಗೆ, "ಜೂನ್," ಎಂದ.

"ಇದನ್ನ ಹೇಳೋಕೆ ಸಮುದ್ರ ದಾಟಿ ಬಂದ್ರಾ? ನಮ್ಮ ಕತ್ತೆಗೂ ಗೊತ್ತು ಜೂನ್ ಅಂತ!"

ಸಂಜೆ ನಮ್ಮ ಕೇರಿಯ ಹಿರಿಯ, ಬುಲಮಾ ತಿಜಾನಿ, ಚಹಾಕ್ಕೆ ಬಂದರು. ಮೊದಲ ಲೋಟ ಕುಡಿದು ಮುಗಿಸಿದರು. ಎರಡನೆಯದಕ್ಕೆ ಹೇಳಿದರು, "ಖಮೀಸಾ, ಅವರು ಬಾವಿಯವರೂ ಅಲ್ಲ, ಮಳೆಯವರೂ ಅಲ್ಲ. ನಿಂಗೆ ಗೊತ್ತು."

"ನಂಗೇನು ಗೊತ್ತು? ಡೋಲು ಹೊಡೆದು ಹೇಳಿದ್ದನ್ನ ನಂಬೋಳು ನಾನು."

"ನಮ್ಮ ಮೇಲಿನ ಪ್ರೀತಿಗೂ ಬಂದಿಲ್ಲ. ಉತ್ತರದವನು ಕೆಳಗಿಳಿದು ಬಂದ್ರೆ ಅವರ ನಿದ್ದೆ ಕೆಡುತ್ತೆ. ನಾವು ಅವರ ಬಾಗಿಲಿನ ಚಿಲಕ. ಅಷ್ಟೆ."

"ಚಿಲಕಕ್ಕೂ ಆಗಾಗ ಎಣ್ಣೆ ಬಿಡ್ಬೇಕಪ್ಪಾ," ಎಂದಳು ಅಜ್ಜಿ. "ಇಲ್ದಿದ್ರೆ ಕಿರ್ ಅನ್ನುತ್ತೆ. ಊರಿಗೆಲ್ಲಾ ಕೇಳುತ್ತೆ."

ಬುಲಮಾ ಮೂರನೆಯ ಲೋಟವನ್ನು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದರು.

ಫೆಬ್ರವರಿ ೧೯, ಗುರುವಾರ

ಬಾವಿ ಬತ್ತಿತು. ಬೆಳಿಗ್ಗೆ ಕೊಡ ಬಿಟ್ಟರೆ ಟಣ್ ಎಂದು ಬಂಡೆಗೆ ಬಡಿಯಿತು. ತಳದಲ್ಲಿ ಹಾಸುಬಂಡೆ. ನಮ್ಮ ತಾತಂದಿರ ಹಾರೆಗಳು ಮುರಿದು ನಿಂತದ್ದು ಅಲ್ಲೇ. ಇನ್ನು ನೀರಿಗೆ ಒಣಹೊಳೆಯವರೆಗೆ ಹೋಗಿ ಮರಳು ಬಗೆಯಬೇಕು. ಹೊರಟವಳು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಬುಲಮಾ ಕೇರಿ ಸೇರಿಸಿದರು. ರಂಜಾನ್ ಶುರುವಾಗುವ ಮೊದಲು ನೀರು ಸಿಗದಿದ್ದರೆ ಕೇರಿ ಬಿಟ್ಟು ಯಾರ ಯಾರ ನೆಂಟರು ಎಲ್ಲಿದ್ದಾರೋ ಅಲ್ಲಿಗೆ ಹೋಗುವುದು ಎಂದು ತೀರ್ಮಾನವಾಯಿತು. ನಮಗೆ ನೆಂಟರಿಲ್ಲ. ಅಜ್ಜಿಗೆ ಅಷ್ಟು ದೂರ ನಡೆಯಲೂ ಆಗುವುದಿಲ್ಲ. ಎಲ್ಲರೂ ನೆಲ ನೋಡಿದರು.

ಅಜ್ಜಿ ಎದ್ದಳು. "ಅವರು ಉಂಡಿದಾರೆ. ಹೋಗಿ ಕೇಳೋಣ."

"ಅವರ ಭಾಷೇಲಿ ಕೇಳೋರ್ಯಾರು?" ಎಂದರು ಬುಲಮಾ. "ಲೆಫ್ಟಿನೆಂಟ್ ಅಂತೂ ಬರಲ್ಲ."

ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದ ನನ್ನ ಕಡೆ ಎಲ್ಲರೂ ತಿರುಗಿದರು. ನಾನು ಮುಸುಕನ್ನು ಮೂಗಿನವರೆಗೆ ಎಳೆದುಕೊಂಡೆ. ಪ್ರಯೋಜನವಾಗಲಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಹೋದೆವು. ಮಾತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಕನ್ನಡಕದಪ್ಪ ಡೇರೆಯೊಳಗೆ ಮೇಜಿನ ಮುಂದೆ ಕೂತಿದ್ದ. ಎದ್ದು ನಿಂತ, ನಕ್ಕ. ನನ್ನ ತಲೆಯಲ್ಲಿದ್ದ ಫ್ರೆಂಚ್ ಎಲ್ಲಾ ಮಾಯವಾಯಿತು. ಉಳಿದದ್ದು ಎರಡನೆಯ ತರಗತಿಯ ಪಾಠದ ಒಂದೇ ಒಂದು ವಾಕ್ಯ. ಡೇರೆಯ ಕಂಬವನ್ನು ನೋಡುತ್ತ ಅದನ್ನೇ ಹೇಳಿದೆ:

"ಬೆಕ್ಕು ಮೇಜಿನ ಮೇಲಿದೆ."

ಅವನು ಮೇಜಿನ ಮೇಲೆ ನೋಡಿದ. ಆಮೇಲೆ ಬಗ್ಗಿ ಕೆಳಗೂ ನೋಡಿದ.

"ಏನಂದ? ಏನಂದ?" ಎಂದು ಅಜ್ಜಿ ತಿವಿದಳು.

"ಹುಡುಕ್ತಿದಾನೆ ಅಜ್ಜಿ."

"ಹಾಂ! ನೀರನ್ನಾ?"

ಒಂದು ಡಬ್ಬ ಬಿಸ್ಕತ್ತು ಕೊಟ್ಟು ಕಳಿಸಿದ.

ಫೆಬ್ರವರಿ ೨೧, ಶನಿವಾರ

ಕೇರಿಯ ಮಕ್ಕಳು ನನ್ನನ್ನು ಕಂಡರೆ ಮಿಯಾಂವ್ ಅನ್ನುತ್ತಿವೆ.

ಫೆಬ್ರವರಿ ೨೪, ಮಂಗಳವಾರ

ಇವತ್ತು ಒಬ್ಬಳೇ ಹೋದೆ. ಅಜ್ಜಿ ಬಂದರೆ ತಿವಿಯುತ್ತಾಳೆ, ತಿವಿದರೆ ಬೆಕ್ಕು ಬರುತ್ತದೆ.

ಡೇರೆಯಲ್ಲಿ ಲೆಫ್ಟಿನೆಂಟ್ ಬರ್ಕಾಯ್ ಕೂಡ ಚಹಾ ಕುಡಿಯುತ್ತ ಕೂತಿದ್ದ. ಕಂಬವನ್ನೇ ನೋಡುತ್ತ ನಿಧಾನ ಹೇಳಿದೆ: ನೀವು ಬಾವಿ ತೋಡುವವರು. ನಮ್ಮ ಮುದ್ದೆ ಉಂಡಿದ್ದೀರಿ. ಉಂಡವರು ತೋಡಬೇಕು.

ಕನ್ನಡಕದಪ್ಪ ಕೆಮ್ಮಿದ. "ನಾವು ಬಾವಿ ಹುಡುಕೋರು ತಾಯಿ. ತೋಡೋರು ಬೇರೆ."

"ಡೋಲಿನಲ್ಲಿ ತೋಡೋರು ಅಂತ ಹೇಳಿದ್ರು."

ಅವನು ಲೆಫ್ಟಿನೆಂಟನ ಕಡೆ ನೋಡಿದ. ಲೆಫ್ಟಿನೆಂಟ್ ಚಹಾದ ಲೋಟದೊಳಗೆ ನೋಡಿದ. ನನಗೆ ಹೊರಟುಬಿಡೋಣ ಅನ್ನಿಸಿತ್ತು. ಆದರೆ ಒಂದು ಅನುಮಾನ ಉಳಿದಿತ್ತು, ಅದನ್ನು ಕೇಳಿಬಿಟ್ಟೆ. "ಸಂತೆಗೆ ಉತ್ತರದ ಕಡೆಯ ಒಂಟೆ ವ್ಯಾಪಾರಿಗಳು ಬರ್ತಾರೆ. ಗುಡ್ಡದ ಮೇಲೆ ಯಾರು ಅಂತ ಕೇಳ್ತಾರೆ, ಬಾವಿಯವರು ಅಂತೀವಿ. ಬಾವಿ ಎಲ್ಲಿ ಅಂತ ಕೇಳ್ತಾರೆ. ಅದಕ್ಕೆ ಏನು ಹೇಳ್ಬೇಕು? ನಂಗೆ ಸುಳ್ಳು ಹೇಳೋಕೆ ಬರಲ್ಲ."

ಲೆಫ್ಟಿನೆಂಟನ ಲೋಟ ಬಾಯಿಯ ಹತ್ತಿರವೇ ನಿಂತಿತು. ಕನ್ನಡಕದಪ್ಪ ಕನ್ನಡಕ ತೆಗೆದು ಬೆವರು ಒರೆಸಿಕೊಂಡ. ಅಷ್ಟು ಬೆವರುವುದಕ್ಕೆ ಅದರಲ್ಲಿ ಏನಿತ್ತೋ ತಿಳಿಯಲಿಲ್ಲ. ನಾನು ಕೇಳಿದ್ದು ಇಷ್ಟೇ. ನನ್ನನ್ನು ಹೊರಗೆ ಕಳಿಸಿ ಇಬ್ಬರೂ ಜೋರಾಗಿ ಜಗಳವಾಡಿದರು.

ಮಾರ್ಚ್ ೩, ಮಂಗಳವಾರ

ಕನ್ನಡಕದಪ್ಪ ತಾನೇ ಕೇರಿಗೆ ಬಂದ. ಅವನ ದೇಶದ ರಾಜಧಾನಿಗೆ ಬಾವಿ ಕೊರೆಯುವ ಯಂತ್ರ ಕೇಳಿದ್ದನಂತೆ. "ಉದ್ದನೆ ಪೆಟ್ಟಿಗೆ ಕೇಳಿದ್ರೆ ಎರಡೇ ದಿನ. ಯಂತ್ರ ಕೇಳಿದ್ರೆ ಅದು ಬೇರೆ ಇಲಾಖೆ, ಮುಂದಿನ ವರ್ಷ ನೋಡೋಣ ಅಂತಾರೆ," ಎಂದ. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ. ಕೇರಿಯವರು ನಕ್ಕರು, ಅವನೂ ನಕ್ಕ. ನಮ್ಮ ಜಿಲ್ಲಾ ಕಚೇರಿಯೂ ಹಾಗೇ ಎಂದು ಬುಲಮಾ ಅವನ ಬೆನ್ನು ತಟ್ಟಿದರು.

ಅಜ್ಜಿ ಕೇಳಿದಳು, "ಯಂತ್ರ ಇಲ್ದಿದ್ರೆ ಕೈ ಇಲ್ವಾ?"

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ.

ಮಾರ್ಚ್ ೯, ಸೋಮವಾರ

ಶುರುವಾಯಿತು! ನಸಾರಾಗಳು ಸರದಿಯಂತೆ ಬರುತ್ತಾರೆ. ಜಾಲರಿ ನೋಡುವವರು ನೋಡುತ್ತಾರೆ, ಉಳಿದವರು ಬನಿಯನ್ನಿನಲ್ಲಿ ನಮ್ಮ ಗಂಡಸರ ಜೊತೆ ಬಾವಿಗಿಳಿಯುತ್ತಾರೆ. ಬಾವಿ ಬತ್ತಿದ ಮೇಲೆ ಗೋಡೆಯ ಮಣ್ಣು ಬಂಡೆಯ ಮೇಲೆ ಕುಸಿದಿದೆ, ಮೊದಲು ಅದನ್ನೂ ಕೆಸರನ್ನೂ ಎತ್ತಬೇಕು. ರಾಟೆ ಎಳೆಯುವುದು ನಾವು ಹೆಂಗಸರು. "ಎಳೀರಿ", "ನಿಲ್ಲಿಸಿ", "ತಲೆ ಜೋಪಾನ" ಈ ಮೂರನ್ನೂ ಎರಡೂ ಭಾಷೆಯಲ್ಲಿ ಕೂಗುವುದು ನನ್ನ ಕೆಲಸ. ಗಂಟಲು ಬಿದ್ದು ಹೋಗಿದೆ.

ಒಬ್ಬ ನಸಾರಾ ಗುದ್ದಲಿ ಹಿಡಿದ ರೀತಿ ನೋಡಿ ಅಜ್ಜಿ, "ಮಗನೇ, ಅದು ಚಮಚ ಅಲ್ಲ," ಎಂದಳು. ಹೇಳು ಎಂದು ನನಗೆ ಸನ್ನೆ ಮಾಡಿದಳು. ಹೇಳಿದೆ. ಬಾವಿಯೊಳಗಿಂದ ನಗು ಎದ್ದು ಬಂತು.

ಮಾರ್ಚ್ ೧೬, ಸೋಮವಾರ

ಇವತ್ತು ಹೆದರಿದೆವು. ಗುಡ್ಡದಿಂದ ಸೀಟಿ ಕೇಳಿತು. ತುಂಬ ಎತ್ತರದಲ್ಲಿ ಒಂದು ಬಿಳಿ ಗೀರು ಉತ್ತರದಿಂದ ಬಂತು. ಲಿಬಿಯಾದವರ ವಿಮಾನ. ಓಡಲು ಹೊತ್ತಿರಲಿಲ್ಲ. ಬಾವಿಯಲ್ಲಿ ಮೂವರು ಇದ್ದರು, ಹಗ್ಗ ಬಿಟ್ಟರೆ ಮಣ್ಣಿನ ಬುಟ್ಟಿ ಅವರ ತಲೆಯ ಮೇಲೆ. "ಯಾರೂ ಹಗ್ಗ ಬಿಡ್ಬೇಡಿ!" ಎಂದು ಯಾರೋ ಕಿರುಚಿದರು. ನಾನೇ ಇರಬೇಕು. ಎಳೆಯುತ್ತಲೇ ಇದ್ದೆವು. ಗೀರು ಒಂದು ಸುತ್ತು ಹಾಕಿ ಹೋಯಿತು. ಬಾಂಬು ಬೀಳಲಿಲ್ಲ. ಮೇಲಿನಿಂದ ಅದಕ್ಕೆ ಏನು ಕಂಡಿರಬಹುದು? ಒಂದು ಗುಂಡಿ, ಮಣ್ಣಿನ ರಾಶಿ, ಹಗ್ಗ ಎಳೆಯುವ ಹೆಂಗಸರು, ಕೆಸರು ಮೆತ್ತಿದ ಬಿಳಿಯರು.

ಲೆಫ್ಟಿನೆಂಟ್ ಬರ್ಕಾಯ್ ಆಮೇಲೆ ಬಂದು ತಾನೂ ಸ್ವಲ್ಪ ಹೊತ್ತು ರಾಟೆ ಎಳೆದ.

ಮಾರ್ಚ್ ೨೩, ಸೋಮವಾರ

ಉತ್ತರದಲ್ಲಿದ್ದ ಲಿಬಿಯಾದವರ ದೊಡ್ಡ ನೆಲೆ ನಮ್ಮವರ ಕೈಗೆ ಬಿತ್ತು! ರೇಡಿಯೋ ಹಾಡುತ್ತಲೇ ಇದೆ. ಬುಲಮಾ ಕುರಿ ಕಡಿಸಿದರು. ಪುಂಡಿ ಹೂವಿನ ಪಾನಕ ಕುಡಿದು ಎಲ್ಲರ ತುಟಿಯೂ ಕೆಂಪು. ಕನ್ನಡಕದಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಸಿದರು. "ನಾವೇನೂ ಮಾಡಿಲ್ಲ, ನಾವು ಬಾವಿಯವರು," ಎನ್ನುತ್ತಿದ್ದ. ಕೇಳಿದವರೆಲ್ಲ ಇನ್ನೂ ಜೋರಾಗಿ ಕುಣಿದರು.

ಬಾವಿಯಲ್ಲಿ ಮಣ್ಣೆಲ್ಲ ಎತ್ತಿ ಆಯಿತು. ಬಂಡೆ ಹಾಗೇ ಕೂತಿದೆ. ಇವರ ಹಾರೆಗಳೂ ಮುರಿದವು.

ಮಾರ್ಚ್ ೨೫, ಬುಧವಾರ

ಬೆಳಿಗ್ಗೆ ನೋಡಿದರೆ ಗುಡ್ಡದ ಮೇಲೆ ಡೇರೆ ಬಿಚ್ಚುತ್ತಿದ್ದರು. ಜಾಲರಿ ಮಡಚಿದ್ದರು. ಯುದ್ಧ ಉತ್ತರಕ್ಕೆ ಸರಿಯಿತು, ಹಾಗಾಗಿ ಇವರೂ ಸರಿಯಬೇಕಂತೆ. ನಾಳೆ ಸಂಜೆ ವಿಮಾನ. ಕೇರಿಯಲ್ಲಿ ಯಾರಿಗೂ ಒಲೆ ಹಚ್ಚುವ ಮನಸ್ಸಿರಲಿಲ್ಲ. ಅಜ್ಜಿ ಬಾಗಿಲಲ್ಲಿ ಕೂತು ತನ್ನ ಕಾಲುಗಳನ್ನು ಒತ್ತಿಕೊಳ್ಳುತ್ತಿದ್ದಳು. "ನೀನು ಹೋಗೇ," ಎಂದಳು. "ಬುಲಮಾನ ಮನೆಯವರ ಜೊತೆ ಹೋಗು. ನಾನಿಲ್ಲೇ ಇರ್ತೀನಿ. ಒಬ್ಬಳಿಗೆಷ್ಟು ನೀರು ಬೇಕು?"

ನಾನು ಗುಡ್ಡಕ್ಕೆ ಹೋದೆ. ಪೆಟ್ಟಿಗೆ ತುಂಬಿದ ಲಾರಿ ಹೊರಟಿತ್ತು. ಅದರ ಮುಂದೆ ನಿಂತೆ. ಚಾಲಕ ಹಾರ್ನ್ ಹೊಡೆದ. ಲೆಫ್ಟಿನೆಂಟ್ ಕೂಗಿದ. ಕನ್ನಡಕದಪ್ಪ ಇಳಿದು ಬಂದ.

"ಉಂಡಿದ್ದೀರಿ," ಎಂದೆ.

"ಮಸ್ತೂರಾ, ಆಜ್ಞೆ ಬಂದಿದೆ."

"ಎಪ್ಪತ್ತು ದಿನ ಉಂಡಿದ್ದೀರಿ. ಲಾರಿಯಲ್ಲಿ ಏನಿದೆ?"

"ಅದು... ಬಾವಿ ಸಾಮಾನು."

"ಸಿಡಿಮದ್ದು. ನಿಮ್ಮವರು ಬಾವಿ ಹತ್ತಿರ ಮಾತಾಡಿಕೊಂಡಿದ್ದು ಕೇಳಿದೀನಿ. ಬಾವಿ ಸಾಮಾನು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಬಾವಿಗೆ ಹಾಕಿ."

ಅವನು ಸಿಡಿಮದ್ದು ಯುದ್ಧಕ್ಕೆ ಮೀಸಲು, ಅದನ್ನು ಮುಟ್ಟಲು ಮೇಲಿನವರ ಅಪ್ಪಣೆ ಬೇಕು ಎಂದ. ನಾನು ಲೆಫ್ಟಿನೆಂಟನ ಕಡೆ ತಿರುಗಿ, ಯುದ್ಧ ಮಾಡುತ್ತಿರುವುದು ನಾವು ಮಾತ್ರ, ಬೇರೆ ಯಾರೂ ಇಲ್ಲ ಎಂದು ರೇಡಿಯೋ ದಿನವೂ ಹೇಳುತ್ತದಲ್ಲ, ಹಾಗಿದ್ದರೆ ಈ ಮದ್ದು ಯಾರ ಯುದ್ಧಕ್ಕೆ ಎಂದು ಕೇಳಿದೆ. ಲೆಫ್ಟಿನೆಂಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನಗು ತಡೆಯಲಾಗದೆ ಬೆನ್ನು ತಿರುಗಿಸಿದ.

ಕನ್ನಡಕದಪ್ಪ ಲಾರಿಯ ಹಿಂದಿನ ಹಲಗೆ ಇಳಿಸಿ ಎರಡು ಪೆಟ್ಟಿಗೆಗಳನ್ನು ನೋಡಿದ. "ಇವು ತೇವ ಹಿಡಿದು ಕೆಟ್ಟಿವೆ, ಇಲ್ಲೇ ಇಳಿಸಿ," ಎಂದು ತನ್ನವರಿಗೆ ಗಟ್ಟಿಯಾಗಿ ಹೇಳಿದ. ಇಲ್ಲಿ ತೇವ ಎಲ್ಲಿಂದ ಬರಬೇಕು!

ಮನೆಗೆ ಬಂದು ಸಜ್ಜೆ ಕುಟ್ಟಿದೆ. ಬೇರೆ ವಿಶೇಷ ಇಲ್ಲ.

ಮಾರ್ಚ್ ೨೬, ಗುರುವಾರ

ಬೆಳಿಗ್ಗೆ ಎಲ್ಲರನ್ನೂ, ಕೋಳಿಗಳನ್ನೂ, ಕೇರಿಯಿಂದ ದೂರ ಕಳಿಸಿದೆವು. ಅವರಲ್ಲೊಬ್ಬ ಸೇತುವೆ ಒಡೆಯುವುದನ್ನು ಕಲಿತವನು. ಬಾವಿಗಿಳಿದು ಬಂಡೆಗೆ ತೂತು ಕೊರೆದು ಮದ್ದು ಇಟ್ಟು ಬಂದ. ನೆಲ ಅದುರಿತು. ಧೂಳು ತಾಳೆ ಮರದಷ್ಟು ಎದ್ದಿತು. ಕತ್ತೆ ಹಗ್ಗ ಕಿತ್ತುಕೊಂಡು ಸಂತೆಯವರೆಗೆ ಓಡಿತು.

ಧೂಳಿಳಿದ ಮೇಲೆ ಬಗ್ಗಿ ನೋಡಿದೆವು. ಒಡೆದ ಕಲ್ಲು, ಒಣ ಕಲ್ಲು. ಕಾದೆವು. ಕಲ್ಲೆತ್ತಿದೆವು. ಮತ್ತೆ ಕಾದೆವು. ಸಂಜೆ ವಿಮಾನ ಬಂತು. ಕನ್ನಡಕದಪ್ಪ ಅಜ್ಜಿಯ ಮುಂದೆ ಬಂದು ನಿಂತ. ಅವಳ ಮುಖ ನೋಡಲಿಲ್ಲ. ಏನೋ ಹೇಳಿದ, ಅರ್ಧವೇ ಹೇಳಿದ, ನಾನು ಅದನ್ನು ಅಜ್ಜಿಗೆ ಹೇಳಲಿಲ್ಲ.

ಅಜ್ಜಿ ಅವನ ಕೈ ಹಿಡಿದು ಅಂಗೈಯ ಬೊಕ್ಕೆಗಳನ್ನು ಮುಟ್ಟಿ ನೋಡಿದಳು. "ನಿನ್ನ ಹೆಸರನ್ನ ನಾಯಿಗಿಡಲ್ಲ, ಹೋಗು," ಎಂದಳು. ಇದನ್ನು ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ವಿಮಾನ ಹತ್ತಿದ.

ಮಾರ್ಚ್ ೨೭, ಶುಕ್ರವಾರ

ಹೊತ್ತು ಮೂಡುವ ಮೊದಲೇ ಬಾವಿಯ ಹತ್ತಿರ ಹೋದೆ. ಏನೂ ಕಾಣಲಿಲ್ಲ. ಒಂದು ಕಲ್ಲು ಎಸೆದೆ. ಟಣ್ ಅನ್ನಲಿಲ್ಲ. ಗುಳುಂ ಎಂದಿತು.

ನಾನು ಕೂಗಿದ್ದು ಒಣಹೊಳೆಯವರೆಗೆ ಕೇಳಿತಂತೆ. ಕೇರಿಯೇ ಓಡಿ ಬಂತು. ಬುಲಮಾ ಒಂದೇ ಚಪ್ಪಲಿಯಲ್ಲಿ ಬಂದರು. ಮೊದಲ ಕೊಡ ಮೇಲೆ ಬಂದಾಗ ನೀರು ಕೆಸರಾಗಿತ್ತು, ಮದ್ದಿನ ವಾಸನೆ ಇತ್ತು, ತಣ್ಣಗಿತ್ತು. ಅಜ್ಜಿ ಒಂದು ಗುಟುಕು ಬಾಯಿಗೆ ಹಾಕಿ ಉಗಿದು, "ನಾಳೆ ತಿಳಿಯಾಗುತ್ತೆ. ನೆಂಟರ ಮನೆಗೆ ಹೋಗೋರು ಗಂಟು ಬಿಚ್ಚಿ," ಎಂದಳು. ಅತ್ತಳು. ಆಮೇಲೆ ನನ್ನನ್ನು ಕರೆದು, ಮೊದಲ ಕೊಡ ತೋಡಿದವನ ಹೆಜ್ಜೆಗೆ ಸುರಿಯಬೇಕು, ಅವನ ದಾರಿ ತಣ್ಣಗಿರಲಿ ಎಂದು ಹಿರಿಯರು ಮಾಡಿಕೊಂಡು ಬಂದದ್ದು, ನೀನೇ ಹೋಗು ಎಂದಳು.

ಹೆಜ್ಜೆ ಎಲ್ಲಿದೆ? ಕೊಡ ಹೊತ್ತು ವಿಮಾನದ ಬಯಲಿಗೆ ಹೋದೆ. ಅಲ್ಲಿ ಚಕ್ರದ ಎರಡು ಗೆರೆಗಳು ಮಾತ್ರ ಇದ್ದವು. ಕಾವಲಿನ ಸೈನಿಕ ಬಂದೂಕು ಹಿಡಿದು ಓಡಿ ಬಂದ. ರೇಡಿಯೋದಲ್ಲಿ ಬೆಳಿಗ್ಗೆಯೇ ಹೇಳಿದರಂತೆ, ನಮ್ಮ ನೆಲದಲ್ಲಿ ಪರದೇಶದವರು ಯಾವತ್ತೂ ಇರಲಿಲ್ಲ ಎಂದು.

"ಏಯ್, ಇಲ್ಲಿ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ! ಯಾರಿಗೆ ನೀರು ಹಾಕ್ತಿದೀಯಾ?"

"ಯಾರೂ ಬಂದಿಲ್ಲ ಅಂದ್ಮೇಲೆ ಬರೀ ನೆಲಕ್ಕೆ ಹಾಕ್ತಿದೀನಿ," ಎಂದೆ. "ಸ್ವಲ್ಪ ಆ ಕಡೆ ಸರಿ, ನಿನ್ನ ಬೂಟು ಗೆರೆ ಅಳಿಸ್ತಿದೆ."

ಅವನು ಸರಿದು ನಿಂತ. ನಾನು ಕೊಡ ಬಗ್ಗಿಸಿ ಎರಡೂ ಗೆರೆಗಳಿಗೆ ನೀರು ಸುರಿದೆ. ಸಮವಾಗಿ.